ಭಾವಾ, ಮೊದಲು ಕೇಳಿ, ಆಮೇಲೆ ಹೇಳಿ

ಭಾವಾ, ನಮಸ್ಕಾರ. ಗ್ರೂಪಿನಲ್ಲಿರುವ ದೊಡ್ಡಪ್ಪ, ಚಿಕ್ಕಮ್ಮ, ಮಕ್ಕಳು, ಎಲ್ಲರಿಗೂ ನಮಸ್ಕಾರ. ಇದು ಟೈಪ್ ಮಾಡಿ ಮುಗಿಯುವ ಮಾತಲ್ಲ, ಹಾಗಾಗಿ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿ. ಹಿಂದಿನಿಂದ ಗಡಗಡ ಕೇಳುವುದು ಹೈವೇ ಕೆಲಸದ ಶಬ್ದ, ನಾನು ಕುಂಬಳೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೇನೆ.

ನಿನ್ನೆ ರಾತ್ರಿ ಭಾವ ಹಾಕಿದ್ದು ಇಷ್ಟು: "ಚೆಸ್ಟರ್ ಇಲ್ಲದ ಲಿಂಕಿನ್ ಪಾರ್ಕ್ ನನಗೆ ಬೇಡ. ಹೊಸ ಆಲ್ಬಂ ಕೇಳುವುದಿಲ್ಲ. ಬೇಕಾದರೆ ಹೆಸರು ಬದಲಿಸಿ ಹಾಡಲಿ." ಅದರ ಕೆಳಗೆ ದೊಡ್ಡಪ್ಪ, ಇವರು ಯಾರು, ಯಾಕೆ ಇಷ್ಟು ಚರ್ಚೆ ಅಂತ ಕೇಳಿದರು. ಪ್ಲಸ್ ಟು ಓದುವ ನಮ್ಮ ಸಣ್ಣವಳು, ಮೊದಲು ಯಾವ ಹಾಡು ಕೇಳಬೇಕು ಅಂತ ಕೇಳಿದಳು. ಮೂವರಿಗೂ ಹೇಳುತ್ತೇನೆ.

ದೊಡ್ಡಪ್ಪ, ಇದು ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ರಾಕ್ ಬ್ಯಾಂಡ್. ಇವರಲ್ಲಿ ಇಬ್ಬರು ಹಾಡುಗಾರರು. ಮೈಕ್ ಶಿನೋಡ ಮಾತಿನ ಧಾಟಿಯಲ್ಲಿ ರ್‍ಯಾಪ್ ಮಾಡುತ್ತಿದ್ದ. ಚೆಸ್ಟರ್ ಬೆನ್ನಿಂಗ್ಟನ್ ಹಾಡುತ್ತಿದ್ದ, ಕೂಗುತ್ತಿದ್ದ. ಮೊದಲ ಆಲ್ಬಂ 'ಹೈಬ್ರಿಡ್ ಥಿಯರಿ' 2000ದ ಅಕ್ಟೋಬರಿನಲ್ಲಿ ಬಂತು. ಅಮೆರಿಕ ಒಂದರಲ್ಲೇ ಒಂದು ಕೋಟಿಗೂ ಜಾಸ್ತಿ ಪ್ರತಿ ಹೋಯಿತು. ನಮ್ಮ ಕಡೆಗೆ ಬಂದದ್ದು ಎಂಪಿಥ್ರೀ ಸೀಡಿಯಲ್ಲಿ. ಭಾವ ಮಂಗಳೂರಿನ ಹಾಸ್ಟೆಲಿನಿಂದ ರಜೆಯಲ್ಲಿ ಬರುವಾಗ ತಂದದ್ದು. ಸೀಡಿಯ ಮೇಲೆ ನೀಲಿ ಮಾರ್ಕರಿನಲ್ಲಿ 'ಎಲ್‌ಪಿ' ಅಂತ ಬರೆದಿತ್ತು, ಒಂದು ಬದಿ ಗೀಚಿ ಹೋಗಿತ್ತು. ಕೆಲವು ಹಾಡು ಅರ್ಧಕ್ಕೆ ಸಿಕ್ಕಿ ಹಾಕಿಕೊಂಡು ಒಂದೇ ಅಕ್ಷರ ಹೊಡೆಯುತ್ತಿತ್ತು. ಚಾವಡಿಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿದರೆ ಅಜ್ಜ ಬಾಗಿಲು ಎಳೆದುಕೊಳ್ಳುತ್ತಿದ್ದರು. ಆದರೂ ನಿಲ್ಲಿಸಿ ಅಂತ ಒಂದು ದಿನವೂ ಹೇಳಿದವರಲ್ಲ.

ಆ ಚೆಸ್ಟರ್ 2017ರ ಜುಲೈ 20ರಂದು ತೀರಿಕೊಂಡ. 41 ವರ್ಷ. ಮನಸ್ಸಿನ ನೋವಿನ ಜೊತೆ ಬಹಳ ವರ್ಷ ಹೋರಾಡಿದವನು. ಅವನ ಕೊನೆಯ ಆಲ್ಬಂ ಬಂದು ಆಗಷ್ಟೇ ಎರಡು ತಿಂಗಳಾಗಿತ್ತು. ಅವತ್ತು ಭಾವ ಈ ಗ್ರೂಪಿನಲ್ಲಿ ಏನೂ ಬರೆಯಲಿಲ್ಲ, ಪ್ರೊಫೈಲಿನ ಫೋಟೋ ಮಾತ್ರ ಕಪ್ಪು ಮಾಡಿದರು. ನನಗೆ ನೆನಪುಂಟು. ಹಾಗಾಗಿ ಭಾವಾ, ನಿಮ್ಮ ಮಾತನ್ನು ನಾನು ಹಗುರ ಮಾಡುವುದಿಲ್ಲ. ಆ ಸ್ವರಕ್ಕೆ ಬದಲಿ ಇಲ್ಲ. ಅದರಲ್ಲಿ ನಮ್ಮಿಬ್ಬರಿಗೂ ಎರಡು ಮಾತಿಲ್ಲ.

ಆದರೆ ಬದಲಿ ಬೇಕು ಅಂತ ಈ ಆಲ್ಬಂ ಕೇಳುತ್ತಲೂ ಇಲ್ಲ. ನನ್ನ ಮಾತು ಇರುವುದು ಇಷ್ಟೇ. ಅದನ್ನು ಬಿಡಿಸಿ ಹೇಳುತ್ತೇನೆ.

ಏಳು ವರ್ಷ ಹೊಸ ಆಲ್ಬಂ ಇಲ್ಲ. 2024ರ ಆಗಸ್ಟ್ ಕೊನೆಗೆ ಬ್ಯಾಂಡಿನವರು 100 ಗಂಟೆಯ ಒಂದು ಕೌಂಟ್‌ಡೌನ್ ಹಾಕಿದರು. ಸೊನ್ನೆಗೆ ಬಂದು ಮುಟ್ಟಿತು, ಏನೂ ಆಗಲಿಲ್ಲ, ಗಡಿಯಾರ ಮತ್ತೆ ಮೇಲಕ್ಕೆ ಎಣಿಸಲು ಶುರು ಮಾಡಿತು. ಆಮೇಲೆ ಸೆಪ್ಟೆಂಬರ್ 5ರಂದು ನೇರಪ್ರಸಾರದಲ್ಲಿ ಹೊಸ ಹಾಡುಗಾರ್ತಿಯನ್ನು ತೋರಿಸಿದರು. ಎಮಿಲಿ ಆರ್ಮ್‌ಸ್ಟ್ರಾಂಗ್. ಲಾಸ್ ಏಂಜಲೀಸಿನ 'ಡೆಡ್ ಸಾರಾ' ಬ್ಯಾಂಡಿನವಳು. ಡ್ರಮ್ಸಿನ ರಾಬ್ ಬೋರ್ಡನ್ ವಾಪಸ್ ಬರಲಿಲ್ಲ, ಆ ಜಾಗಕ್ಕೆ ಕಾಲಿನ್ ಬ್ರಿಟನ್ ಬಂದ. ಗಿಟಾರಿನ ಬ್ರ್ಯಾಡ್ ಡೆಲ್ಸನ್ ಆಲ್ಬಂನಲ್ಲಿ ಇದ್ದಾನೆ, ವೇದಿಕೆಗೆ ಮಾತ್ರ ಬರುವುದಿಲ್ಲ. ಆಲ್ಬಂ ನವೆಂಬರ್ 15ಕ್ಕೆ, ಶುಕ್ರವಾರ, ಬಂತು. ಹೆಸರು 'ಫ್ರಮ್ ಝೀರೋ'.

ಭಾವಾ, ಈ ಹೆಸರಿನಲ್ಲೇ ನಿಮಗೆ ಉತ್ತರ ಉಂಟು. ಲಿಂಕಿನ್ ಪಾರ್ಕ್ ಅಂತ ಆಗುವ ಮೊದಲು ಈ ಬ್ಯಾಂಡಿನ ಹೆಸರು 'ಝೀರೋ' ಅಂತಲೇ ಇತ್ತು, ಎಕ್ಸ್ ಅಕ್ಷರದಿಂದ ಬರೆಯುತ್ತಿದ್ದರು. ಆಗ ಹಾಡುತ್ತಿದ್ದವನು ಮಾರ್ಕ್ ವೇಕ್‌ಫೀಲ್ಡ್. ಅವನು ಬಿಟ್ಟು ಹೋದ. 1999ರಲ್ಲಿ ಅರಿಝೋನಾದಲ್ಲಿದ್ದ ಒಬ್ಬ ಹುಡುಗನಿಗೆ ಟೇಪು ಕಳಿಸಿದರು. ಅವನು ತನ್ನ ಹುಟ್ಟುಹಬ್ಬದ ದಿನವೇ ಸ್ಟುಡಿಯೋಗೆ ಹೋಗಿ ಅದರ ಮೇಲೆ ಹಾಡಿ ವಾಪಸ್ ಕಳಿಸಿದ. ಆ ಹುಡುಗನೇ ಚೆಸ್ಟರ್. ಅಂದರೆ ಚೆಸ್ಟರ್ ಕೂಡ ಮೊದಲೇ ಇದ್ದ ಬ್ಯಾಂಡಿಗೆ ಹೊರಗಿನಿಂದ ಬಂದವನೇ, ಅಲ್ವಾ? ಇನ್ನೊಬ್ಬನ ಜಾಗಕ್ಕೆ ಬಂದು ನಿಂತು ಆ ಜಾಗವನ್ನು ತನ್ನದು ಮಾಡಿಕೊಂಡ. ಆವತ್ತು ಯಾರಾದರೂ, ಮಾರ್ಕ್ ಇಲ್ಲದಿದ್ದರೆ ನಮಗೆ ಬೇಡ ಅಂತ ಹೇಳಿ ಎದ್ದು ಹೋಗಿದ್ದರೆ, ಆ ಗೀಚಿದ ಸೀಡಿ ನಮ್ಮ ಚಾವಡಿಗೆ ಬರುತ್ತಲೇ ಇರಲಿಲ್ಲ.

ಈಗ ಹಾಡಿಗೆ ಬರುತ್ತೇನೆ. 'ದಿ ಎಂಪ್ಟಿನೆಸ್ ಮಷೀನ್' ಅಂತ ಒಂದು ಹಾಡುಂಟು, ಇದೇ ಮೊದಲು ಹೊರಗೆ ಬಂದದ್ದು. ಅದನ್ನು ಹೇಗೆ ಕಟ್ಟಿದ್ದಾರೆ ನೋಡಿ. ಮೊದಲ ಚರಣ ಮೈಕ್ ಒಬ್ಬನದೇ. ಮೊದಲ ಕೋರಸ್ ಕೂಡ ಅವನದೇ. ಅದೂ ರ್‍ಯಾಪ್ ಅಲ್ಲ, ಹಾಡುತ್ತಾನೆ. ನಮಗೆ ಗೊತ್ತಿರುವ ಸ್ವರ, ನಾವು ನಂಬುವ ಸ್ವರ. ಅದು ಕಿವಿಯಲ್ಲಿ ಕೂತ ಮೇಲೆ ಎರಡನೇ ಚರಣಕ್ಕೆ ಎಮಿಲಿ ಬರುತ್ತಾಳೆ. ಬರುವುದು ಕೂಗಿಕೊಂಡಲ್ಲ. ಸ್ವಲ್ಪ ಒರಟು ಸ್ವರ, ಕೆಳಗಿನ ಸ್ಥಾಯಿಯಲ್ಲಿ, ಮಾತಾಡಿದ ಹಾಗೆ. ಕೋರಸ್ ಮತ್ತೆ ಬಂದಾಗ ಮಾತ್ರ ಪೂರ್ತಿ ಸ್ವರ ಬಿಡುತ್ತಾಳೆ. ಅದೇ ಸಾಲು, ಅದೇ ಧಾಟಿ, ಆದರೆ ಮೈಕ್ ಹಾಡಿದಾಗ ಬೇಸರದಂತೆ ಕೇಳಿದ್ದು ಅವಳು ಹಾಡಿದಾಗ ಸಿಟ್ಟಾಗುತ್ತದೆ. ಇಯರ್‌ಫೋನ್ ಹಾಕಿ ಕೇಳಿ. ಆ ಎರಡು ಕೋರಸ್ ನಡುವೆ ಏನಾಗುತ್ತದೆ ಅಂತ ಗಮನಿಸಿ. ಮೈಕ್ ಅವಳ ಕೈ ಹಿಡಿದು ಕರೆದುಕೊಂಡು ಬಂದು, ಇವಳು ನಮ್ಮವಳು ಅಂತ ತೋರಿಸುವುದು ಆ ಹಾಡಿನ ರಚನೆಯಲ್ಲೇ ಉಂಟು. ಇದು ತುಂಬಾ ಯೋಚಿಸಿ ಮಾಡಿದ ಕೆಲಸ. ನನಗೆ ಇದು ಮನಸ್ಸಿಗೆ ತಟ್ಟಿತು.

ದೊಡ್ಡಪ್ಪ, ನಿಮಗೆ ಅರ್ಥ ಆಗುವ ಹಾಗೆ ಹೇಳುವುದಾದರೆ, ಯಕ್ಷಗಾನದ ಆಟದಲ್ಲಿ ಪದ ಹಾಡುವ ಭಾಗವತರು ಬದಲಾಗುವುದಿಲ್ವಾ, ಹಾಗೆ. ಮೇಳದ ಹೆಸರು ಅದೇ, ಚೆಂಡೆ ಮದ್ದಳೆ ಅದೇ, ಪ್ರಸಂಗ ಅದೇ. ಜಾಗಟೆ ಹಿಡಿದವರು ಬೇರೆ. ಹೊಸಬರು ಹಳಬರ ಸ್ವರವನ್ನು ಕಾಪಿ ಹೊಡೆದರೆ ನೀವೇ ಮೊದಲು ಎದ್ದು ಚಹಾದ ಅಂಗಡಿಗೆ ಹೋಗುತ್ತೀರಿ. ಅವರದೇ ಪದ ಹೇಳಿದರೆ ಬೆಳಗಿನವರೆಗೆ ಕೂರುತ್ತೀರಿ. ನಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನಲ್ಲಿ, ಅಂದರೆ ನಮ್ಮ ಕಡೆಯ ಯಕ್ಷಗಾನ ಶೈಲಿಯಲ್ಲಿ, ಪದ ಹೇಳಲು ಕೂತಾಗ ಹೆಂಗಸರು ಭಾಗವತಿಕೆ ಮಾಡುವ ರೂಢಿಯೇ ಇರಲಿಲ್ಲ. ಶಾಸ್ತ್ರೀಯ ಸಂಗೀತ ಕಲಿತಿದ್ದವರು, ಮದುವೆ ಆದ ಮೇಲೆ ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ ಆಟದ ಪದ ಕಲಿತರು. ಗಂಡಸರ ಸ್ವರವನ್ನು ಅನುಕರಿಸಲು ಹೋಗಲಿಲ್ಲ. ವೃತ್ತಿಮೇಳಗಳಲ್ಲಿ ರಾತ್ರಿ ಇಡೀ ಹಾಡಿದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ ಬಂತು. ಅವರ ಪದ ಕೇಳಿ ಬೆಳೆದ ನಮ್ಮ ಮನೆಯಲ್ಲಿ, ಹೆಂಗಸು ಆ ಜಾಗದಲ್ಲಿ ನಿಂತರೆ ಹೇಗೆ ಅನ್ನುವ ಪ್ರಶ್ನೆ ಬರಲೇಬಾರದು. ಭಾವ ಆ ಅರ್ಥದಲ್ಲಿ ಹೇಳಿದ್ದಲ್ಲ ಅಂತ ನನಗೆ ಗೊತ್ತು. ಆದರೆ ಹೊರಗೆ ಕೆಲವು ಅಭಿಮಾನಿಗಳು ಅದನ್ನೇ ಹೇಳುತ್ತಿದ್ದಾರೆ, ಅದಕ್ಕೆ ಈ ಮಾತು ಎತ್ತಿದೆ.

ಬಸ್ಸು ಬಂತು. ಒಂದು ನಿಮಿಷ.

ಹಾಂ, ಸೀಟು ಸಿಕ್ಕಿತು. ಮುಂದುವರಿಸುತ್ತೇನೆ.

ಕಾಪಿ ಹೊಡೆಯುವುದು ಅಂದೆನಲ್ಲ. ಆಲ್ಬಂನಲ್ಲಿ ನನಗೆ ತಕರಾರು ಇರುವುದೂ ಅಲ್ಲೇ. ಎಮಿಲಿಯ ಮೇಲಲ್ಲ, ಬ್ಯಾಂಡಿನ ಮೇಲೆ. 'ಟೂ ಫೇಸ್ಡ್' ಕೇಳಿದರೆ ಸೀದಾ 'ಹೈಬ್ರಿಡ್ ಥಿಯರಿ' ಕಾಲಕ್ಕೆ ಹೋದ ಹಾಗೆ ಆಗುತ್ತದೆ. ಅದೇ ಭಾರದ ಗಿಟಾರು, ಬ್ಯಾಂಡಿನ ಡಿಜೆ ಜೋ ಹಾನ್ ರೆಕಾರ್ಡು ಉಜ್ಜಿ ತೆಗೆಯುವ ಅದೇ ಸ್ಕ್ರ್ಯಾಚು, ಅದೇ ಜಾಗದಲ್ಲಿ ಕೂಗು. ಕೇಳಲು ಖುಷಿ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅಂಥ ಹಾಡಿನಲ್ಲೇ ಚೆಸ್ಟರ್‌ನ ಜಾಗ ಖಾಲಿ ಅಂತ ಜಾಸ್ತಿ ಅನಿಸುವುದು. ಹಳೆಯ ಮನೆಯಂತೆಯೇ ಕಟ್ಟಿ ಕೊಟ್ಟರೆ ಹಳೆಯ ಮನುಷ್ಯನನ್ನು ಕಣ್ಣು ಹುಡುಕಿಯೇ ಹುಡುಕುತ್ತದೆ. 'ಕಟ್ ದಿ ಬ್ರಿಡ್ಜ್' ಕೂಡ ಹಾಗೆಯೇ, 2007ರ ಆಲ್ಬಂನ ಓಟ ಅದರಲ್ಲಿ ಉಂಟು. 'ಓವರ್ ಈಚ್ ಅದರ್' ಎಮಿಲಿ ಒಬ್ಬಳೇ ಹಾಡಿದ್ದು. ಮೈಕ್ ಇಲ್ಲದೆ ಅದು ಸಪ್ಪೆ ಆಯಿತು ಅಂತ ನನ್ನ ಅಭಿಪ್ರಾಯ. ಇಬ್ಬರು ಮಾತಿಗೆ ಮಾತು ಕೊಡುವಾಗಲೇ ಈ ಬ್ಯಾಂಡಿಗೆ ಜೀವ.

ಇನ್ನೊಂದು, ಆಲ್ಬಂ ತುಂಬಾ ಗಿಡ್ಡ. 11 ಟ್ರ್ಯಾಕು, ಅದರಲ್ಲಿ ಮೊದಲನೆಯದು ಅರ್ಧ ನಿಮಿಷವೂ ಇಲ್ಲದ ಮಾತುಕತೆ. ಎಲ್ಲಾ ಸೇರಿ 32 ನಿಮಿಷದ ಒಳಗೆ ಮುಗಿಯುತ್ತದೆ. ಇವರ ಆಲ್ಬಂಗಳಲ್ಲೇ ಇದು ಎಲ್ಲಕ್ಕಿಂತ ಸಣ್ಣದು. ಏಳು ವರ್ಷ ಕಾದವರಿಗೆ ಇದು ಸಾಲದು. ಬದಿಯಡ್ಕಕ್ಕೆ ಮುಟ್ಟುವ ಮೊದಲೇ ಪೂರ್ತಿ ಆಲ್ಬಂ ಮುಗಿದು ಹೋಗುತ್ತದೆ.

ಆದರೆ ಹೊಸದು ಎಲ್ಲಿ ಉಂಟೋ ಅಲ್ಲಿ ಬಹಳ ಚೆನ್ನಾಗುಂಟು. 'ಕ್ಯಾಶುವಾಲ್ಟಿ' ಕೇಳಿ. ಈ ಬ್ಯಾಂಡಿನಲ್ಲಿ ಇಷ್ಟು ಒರಟು ಹಾಡು ಬಂದದ್ದು ಕಡಿಮೆ. ಮೈಕ್ ಕೂಡ ಗಂಟಲು ಹರಿಯುವ ಹಾಗೆ ಕೂಗುತ್ತಾನೆ, ಅವನಿಂದ ಅದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ. ಎಮಿಲಿಯ ಸ್ವರಕ್ಕೆ ಹೇಳಿ ಮಾಡಿಸಿದ ಹಾಡು ಅದು. ಚೆಸ್ಟರ್ ಇದನ್ನು ಹೇಗೆ ಹಾಡುತ್ತಿದ್ದ ಅನ್ನುವ ಯೋಚನೆಯೇ ನನಗೆ ಬರಲಿಲ್ಲ. 'ಓವರ್‌ಫ್ಲೋ' ಅದರ ಹಿಂದೆಯೇ ಬರುತ್ತದೆ, ಪೂರಾ ಬೇರೆ. ನಿಧಾನ, ಕೀಬೋರ್ಡಿನ ಗುಂಗು, ಮೈಕ್‌ನ ರ್‍ಯಾಪು, ಕೊನೆಗೆ ಭಾರ ಏರುತ್ತದೆ. ಈ ಎರಡು ಹಾಡು ಅಕ್ಕಪಕ್ಕ ಇಟ್ಟದ್ದೇ ಒಳ್ಳೆಯ ಲೆಕ್ಕಾಚಾರ.

'ಹೆವಿ ಈಸ್ ದಿ ಕ್ರೌನ್' ಬಗ್ಗೆ ಎಲ್ಲರೂ ಮಾತಾಡುವುದು ಅದರಲ್ಲಿರುವ ಉದ್ದದ ಕೂಗಿನ ಬಗ್ಗೆ. ನಿಮಗೆ 'ಗಿವನ್ ಅಪ್' ನೆನಪಿರಬಹುದು, ಚೆಸ್ಟರ್ 17 ಸೆಕೆಂಡು ಒಂದೇ ಉಸಿರಿನಲ್ಲಿ ಕೂಗಿದ್ದು. ನಾವು ಮಕ್ಕಳೆಲ್ಲ ತೋಟದಲ್ಲಿ ನಿಂತು ಅದನ್ನು ಕೂಗಲು ನೋಡುತ್ತಿದ್ದೆವು. ಈಗ ಜನ ವಾಚು ಹಿಡಿದು ಎಮಿಲಿಯದ್ದನ್ನು ಅಳೆಯುತ್ತಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಚೆಸ್ಟರ್‌ನ ಕೂಗಿನಲ್ಲಿ ಒಡೆದು ಹೋಗುವವನ ನೋವು ಕೇಳುತ್ತಿತ್ತು. ಇವಳದ್ದರಲ್ಲಿ ಎದುರು ನಿಂತು ಹಠ ಹಿಡಿದವಳ ಜೋರು ಕೇಳುತ್ತದೆ. ಎರಡನ್ನೂ ಸೆಕೆಂಡಿನಲ್ಲಿ ಅಳೆದರೆ ಇಬ್ಬರಿಗೂ ಅನ್ಯಾಯ.

ಇನ್ನು ಕೊನೆಯ ಹಾಡು, 'ಗುಡ್ ಥಿಂಗ್ಸ್ ಗೋ'. ಭಾವಾ, ನಿಮಗೆ ಇದು ಕಷ್ಟ ಆಗಬಹುದು, ಮೊದಲೇ ಹೇಳುತ್ತೇನೆ. ತನ್ನ ಜೊತೆ ಬದುಕುವುದು ಎಷ್ಟು ಕಷ್ಟ ಅಂತ ಗೊತ್ತಿದ್ದೂ ತನ್ನನ್ನು ಬಿಡದೆ ನಿಂತವರಿಗೆ ಹೇಳುವ ಹಾಡು ಅದು. ಯಾರ ಹೆಸರೂ ಇಲ್ಲ. ಇದು ಚೆಸ್ಟರ್ ಬಗ್ಗೆ ಅಂತ ನಾನು ಹೇಳುವುದಿಲ್ಲ. ಆದರೆ ಅವನನ್ನು ಪ್ರೀತಿಸಿದವರು ಇದನ್ನು ಕೇಳಿ ಅವನನ್ನು ನೆನೆಯದೆ ಇರಲಾರರು. ಮೈಕ್ ಮತ್ತು ಎಮಿಲಿ ಒಬ್ಬರ ಮೇಲೆ ಒಬ್ಬರು ಏರಿ ಹೋಗದೆ, ಜಾಗ ಬಿಟ್ಟು ಬಿಟ್ಟು ಹಾಡಿದ್ದಾರೆ. ಇಡೀ ಆಲ್ಬಂನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ.

ಹೆಸರು ಬದಲಿಸಲಿ ಅಂದಿರಲ್ಲ, ಅದಕ್ಕೂ ಹೇಳುತ್ತೇನೆ. ಆ ಹೆಸರು ಮೈಕ್‌ನದ್ದೂ ಹೌದು, ಜೋ ಹಾನ್‌ನದ್ದೂ ಹೌದು, ಬಾಸ್ ನುಡಿಸುವ ಫೀನಿಕ್ಸ್‌ನದ್ದೂ ಹೌದು. ಅವರು ಸಹ ತಮ್ಮ ಗೆಳೆಯನನ್ನು ಕಳೆದುಕೊಂಡವರು, ನಮಗಿಂತ ಹತ್ತಿರದಿಂದ. ಇಪ್ಪತ್ತು ವರ್ಷದ ಮೇಲೆ ದುಡಿದು ಕಟ್ಟಿದ ಹೆಸರನ್ನು ಬಿಟ್ಟುಬಿಡಿ ಅಂತ ನಾವು ಇಲ್ಲಿ ಕೂತು ಹೇಳುವುದು ನ್ಯಾಯ ಅಲ್ಲ.

ಈಗ ಸಣ್ಣವಳಿಗೆ. ಪುಟ್ಟಾ, ನೀನು ಹಳೆಯದು ಏನೂ ಕೇಳಿಲ್ಲ ಅಂದೆ. ಹಾಗಾದರೆ ನಿನಗೆ ಅನುಕೂಲ ಜಾಸ್ತಿ, ಹೋಲಿಕೆ ಮಾಡುವ ಕಷ್ಟ ಇಲ್ಲ. ಮೊದಲು 'ದಿ ಎಂಪ್ಟಿನೆಸ್ ಮಷೀನ್', ಆಮೇಲೆ 'ಸ್ಟೇನ್ಡ್', ಅದು ಸುಲಭವಾಗಿ ಬಾಯಿಗೆ ಬರುವ ಹಾಡು. 'ಕ್ಯಾಶುವಾಲ್ಟಿ' ಕೊನೆಗೆ ಇಟ್ಟುಕೋ, ಅಮ್ಮ ಪಕ್ಕದಲ್ಲಿ ಇಲ್ಲದಾಗ. ಇದೆಲ್ಲಾ ಆದ ಮೇಲೆ ಹಿಂದಕ್ಕೆ ಹೋಗು, 'ಹೈಬ್ರಿಡ್ ಥಿಯರಿ' ಮತ್ತು 2003ರ 'ಮೀಟಿಯೋರಾ' ಪೂರ್ತಿ ಕೇಳು. ಚೆಸ್ಟರ್ ಯಾರು ಅಂತ ಭಾವನ ಹತ್ತಿರವೇ ಕೇಳು, ಅವರು ಹೇಳಿದಷ್ಟು ಚೆನ್ನಾಗಿ ನಮ್ಮ ಮನೆಯಲ್ಲಿ ಇನ್ಯಾರೂ ಹೇಳಲಾರರು.

ಭಾವಾ, ನಿಮಗೆ ಪೂರ್ತಿ ಆಲ್ಬಂ ಬೇಡ. ಎರಡೇ ಹಾಡು ಕೇಳಿ, 'ಕ್ಯಾಶುವಾಲ್ಟಿ' ಮತ್ತು 'ಗುಡ್ ಥಿಂಗ್ಸ್ ಗೋ'. ಹಳೆಯ ನೆನಪು ತರುವ ಹಾಡುಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಕೇಳಿದ ಮೇಲೂ ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತಲೇ ಹೇಳಿ, ಆದರೆ ಯಾವ ಹಾಡಿನಲ್ಲಿ, ಯಾವ ಜಾಗದಲ್ಲಿ ಅಂತ ಹೇಳಿ. ಭಾನುವಾರ ಅತ್ತೆಯ ಮನೆಯ ಪೂಜೆಗೆ ನೀವು ಬರುತ್ತೀರಲ್ಲ, ಊಟ ಆದ ಮೇಲೆ ಕೂತು ಮಾತಾಡೋಣ. ನನ್ನ ಸ್ಟಾಪು ಬಂತು, ಇಡುತ್ತೇನೆ.