ಡ್ರೈವರ್ ಕೋಡ್‌ನ ಎರರ್ ದಾರಿ: ಇವತ್ತಿನ ಪ್ರಶ್ನೋತ್ತರ

ಮೈಸೂರು ಸದಸ್ಯ: ಮೇಡಂ, ನಮಸ್ಕಾರ. ಲಿನಕ್ಸ್ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕೋಡ್) ಬರೆಯುತ್ತಿದ್ದೇನೆ. ರೆಟ್‌ಗೆ (ಫಂಕ್ಷನ್ ವಾಪಸ್ ಕೊಡುವ ಫಲಿತಾಂಶದ ವೇರಿಯೇಬಲ್) ಏನೂ ಹಾಕದೇ ಬಳಸಿದ್ದೀರಿ ಅಂತ ಕ್ಲ್ಯಾಂಗ್ ಕಂಪೈಲರ್ ವಾರ್ನಿಂಗ್ ಕೊಟ್ಟಿತು. 'ಇಂಟ್ ರೆಟ್ = 0' ಅಂತ ಬರೆದೆ, ವಾರ್ನಿಂಗ್ ಹೋಯಿತು. ಈಗ ಡಿವೈಸ್‌ಗೆ ಬೇಕಾದ ಕ್ಲಾಕ್ ಸಿಗ್ನಲ್ ಸಿಗದಿದ್ದರೂ ಪ್ರೋಬ್ (ಡಿವೈಸ್ ಸಿದ್ಧ ಮಾಡಲು ಲಿನಕ್ಸ್‌ನ ಮೂಲಭಾಗವಾದ ಕರ್ನಲ್ ಕರೆಯುವ ಡ್ರೈವರ್ ಫಂಕ್ಷನ್) ಪಾಸ್ ಆಗುತ್ತಿದೆ. ಮಾಡ್ಯೂಲ್ (ಲೋಡ್ ಮಾಡಿದ ಡ್ರೈವರ್) ತೆಗೆದರೆ ಕರ್ನಲ್ ಕ್ರ್ಯಾಶ್. ಕೋಡ್ ಹಾಕಿದ್ದೇನೆ, ನೋಡಿ.

ಮೇಡಂ: ನೋಡಿದೆ, ಆತಂಕವಾಯಿತು. ಮೊದಲು ಬಫರ್ (ಮೆಮೊರಿಯ ಒಂದು ತುಂಡು) ತೆಗೆದುಕೊಂಡಿದ್ದೀರಿ, ಆಮೇಲೆ ಕ್ಲಾಕ್ ಕೇಳಿದ್ದೀರಿ. ಅದು ಎರರ್ ಪಾಯಿಂಟರ್ (ಒಳಗೆ ಎರರ್ ನಂಬರ್ ಇರುವ ಪಾಯಿಂಟರ್) ಕೊಟ್ಟ ಕೂಡಲೇ ಗೋಟೂ, ಅಂದರೆ ಕೊನೆಯ ಕ್ಲೀನಪ್ ಭಾಗಕ್ಕೆ ಜಿಗಿತ. ಅಲ್ಲಿ ಬಫರ್ ಫ್ರೀ, ಕೊನೆಗೆ 'ರಿಟರ್ನ್ ರೆಟ್'. ಆದರೆ ಪಾಯಿಂಟರ್‌ನಲ್ಲಿದ್ದ ಎರರ್ ನಂಬರನ್ನು ರೆಟ್‌ಗೆ ಹಾಕೇ ಇಲ್ಲ. ರೆಟ್‌ನಲ್ಲಿ ನಿಮ್ಮ 0 ಹಾಗೇ ಇದೆ. ಪ್ರೋಬ್ 0 ಕೊಟ್ಟರೆ ಎಲ್ಲ ಸರಿ ಅಂತ ಕರ್ನಲ್ ನಂಬುತ್ತದೆ. ಮಾಡ್ಯೂಲ್ ತೆಗೆದಾಗ ರಿಮೂವ್ ಫಂಕ್ಷನ್ ಓಡಿ ಅದೇ ಬಫರನ್ನು ಎರಡನೇ ಸಲ ಫ್ರೀ ಮಾಡಿತು. ವಾರ್ನಿಂಗ್ ಸರಿಯಾದ ಜಾಗವನ್ನೇ ತೋರಿಸಿತ್ತು, ನೀವು ಅದರ ಬಾಯಿ ಮುಚ್ಚಿಸಿದಿರಿ. ಇನ್ನೊಂದು ನಷ್ಟವೂ ಇದೆ. ಕ್ಲಾಕ್ ಡ್ರೈವರ್ ಇನ್ನೂ ಬಂದಿಲ್ಲದಿದ್ದರೆ ಮೈನಸ್ 517 ಬರುತ್ತದೆ. 'ಆಮೇಲೆ ಮತ್ತೆ ಕರೆಯಿರಿ' ಅಂತ ಅದರ ಅರ್ಥ. ನೀವು 0 ಕೊಟ್ಟರೆ ಕರ್ನಲ್ ಮತ್ತೆ ಕರೆಯುವುದೇ ಇಲ್ಲ. ಆ ಸೊನ್ನೆ ತೆಗೆಯಿರಿ. ಪ್ರತಿ ಗೋಟೂಗೆ ಮುಂಚೆ ಅಲ್ಲಿನ ಎರರನ್ನೇ ರೆಟ್‌ಗೆ ಹಾಕಿ.

ತುಮಕೂರು ಸದಸ್ಯೆ: 'ಎಲ್ಲ ವೇರಿಯೇಬಲ್‌ಗೂ ಸೊನ್ನೆ ಹಾಕಿ, ಬಗ್ ಬರಲ್ಲ' ಅಂತ ಫಾರ್ವರ್ಡ್ ಬಂದಿದೆ. ನಿಜವಾ?

ಮೇಡಂ: ಅಲ್ಲ. ಮೇಲಿನ ಉತ್ತರ ಓದಿ. ದಯವಿಟ್ಟು ಅದನ್ನು ಯಾರಿಗೂ ಕಳಿಸಬೇಡಿ.

ಹುಬ್ಬಳ್ಳಿ ಸದಸ್ಯ: ಸ್ಕೋಪ್ (ವೇರಿಯೇಬಲ್ ಇರುವ ಬ್ಲಾಕ್) ಮುಗಿದಾಗ ತಾನೇ ಕೆಫ್ರೀ (ಮೆಮೊರಿ ವಾಪಸ್) ಮಾಡುವ ಪಾಯಿಂಟರ್‌ಗೂ ಮೊದಲೇ ನಲ್ (ಖಾಲಿ ಪಾಯಿಂಟರ್) ಹಾಕುವುದು ಬೇಡವಾ ಮೇಡಂ?

ಮೇಡಂ: ಅಲ್ಲಿ ಬೇಕೇ ಬೇಕು. ನಡುವೆ ರಿಟರ್ನ್ ಆದರೆ ಪಾಯಿಂಟರ್‌ನಲ್ಲಿರುವ ಕಸವನ್ನೇ ಫ್ರೀ ಮಾಡುತ್ತದೆ. ನಲ್ ಇದ್ದರೆ ಕೆಫ್ರೀ ಸುಮ್ಮನಿರುತ್ತದೆ.

ಬೆಂಗಳೂರು ಸದಸ್ಯ: ಇನ್ನೊಂದು ಕಂಪೈಲರ್ ಜಿಸಿಸಿಯಲ್ಲಿ 12ನೇ ಆವೃತ್ತಿಯಿಂದ ಕಂಪೈಲರೇ ಸ್ಟ್ಯಾಕ್ ವೇರಿಯೇಬಲ್‌ಗಳಿಗೆ (ಫಂಕ್ಷನ್ ಒಳಗಿನವು) ಸೊನ್ನೆ ಹಾಕುತ್ತದೆ, ಆಪ್ಷನ್ ಕೊಟ್ಟರೆ ಸಾಕು. ಇಷ್ಟೆಲ್ಲ ಯಾಕೆ?

ಶಿವಮೊಗ್ಗ ಸದಸ್ಯ: ಆಗಲೂ ರೆಟ್ 0 ತಾನೇ? ಅದೇ ಬಗ್ ಅಲ್ವಾ?

ಬೆಂಗಳೂರು ಸದಸ್ಯ: ಹಳೇ ಡೇಟಾ ಹೊರಗೆ ಸೋರಬಾರದು ಅಂತ ಆ ಆಪ್ಷನ್ ಇರೋದು. ಗೊತ್ತಿದ್ದರೆ ಮಾತಾಡಿ.

ಶಿವಮೊಗ್ಗ ಸದಸ್ಯ: ಇಲ್ಲಿ ಕೇಳಿದ್ದು ಪ್ರೋಬ್ ಬಗ್ಗೆ. ಪ್ರಶ್ನೆ ಓದಿ ಬರೆಯಿರಿ.



ಬೆಂಗಳೂರು ಸದಸ್ಯ: ನನಗೆ ಜಿಸಿಸಿಯಲ್ಲಿ ವಾರ್ನಿಂಗೇ ಬರಲ್ಲ. ಅಂದರೆ ಕೋಡ್ ಸರಿ ಇದೆ.

ಮೇಡಂ: ಹಾಗಲ್ಲ. ಸುಳ್ಳು ವಾರ್ನಿಂಗ್ ಜಾಸ್ತಿ ಅಂತ 2020ರಲ್ಲೇ ಕರ್ನಲ್ ಬಿಲ್ಡ್‌ನಲ್ಲಿ ಜಿಸಿಸಿಯ ಆ ವಾರ್ನಿಂಗನ್ನು ಆಫ್ ಮಾಡಿದ್ದಾರೆ. ಹೆಚ್ಚಿನ ವಾರ್ನಿಂಗ್ ತೋರಿಸುವ 'ಡಬ್ಲ್ಯೂ=2' ಕೊಟ್ಟು ಬಿಲ್ಡ್ ಮಾಡಿ. ಕೋಡ್‌ನಲ್ಲಿ ತಪ್ಪು ಹುಡುಕುವ ಸ್ಮ್ಯಾಚ್ ಟೂಲ್ ಕೂಡ ಓಡಿಸಿ. ಎರರ್ ದಾರಿಯಲ್ಲಿ 0 ಹೋಗುತ್ತಿದ್ದರೆ ಅದು ಹಿಡಿಯುತ್ತದೆ.

ಧಾರವಾಡ ಸದಸ್ಯ: ರೆಟ್‌ಗೆ ಮೊದಲೇ ಸೊನ್ನೆ ಹಾಕಿದರೆ ಸಾಕಲ್ವಾ ಮೇಡಂ?

ಮೇಡಂ: ಸಾಲದು. ಇದು ಮೂರನೇ ಸಲ.

ಮೈಸೂರು ಸದಸ್ಯ: ಸರಿ ಮಾಡಿದೆ. ಮೊದಲ ಸಲ ಮೈನಸ್ 517 ಬಂತು. ಕ್ಲಾಕ್ ಡ್ರೈವರ್ ಬಂದ ಮೇಲೆ ಪ್ರೋಬ್ ಮತ್ತೆ ಓಡಿ ಪಾಸ್ ಆಯಿತು. ಮಾಡ್ಯೂಲ್ ತೆಗೆದರೂ ಕ್ರ್ಯಾಶ್ ಇಲ್ಲ.