ಒಂದೇ ಹುಡುಕಾಟಕ್ಕೆ ಬೇರೆ ಬೇರೆ ಫಲಿತಾಂಶ: ಯಾವ ಶೋಧಯಂತ್ರವನ್ನು ನೆಚ್ಚಬೇಕು?

ಪ್ರಶ್ನೆ

ಒಂದೇ ಪದಗಳನ್ನು ಗೂಗಲ್, ಬಿಂಗ್ ಮತ್ತು ಡಕ್‌ಡಕ್‌ಗೋಗಳಲ್ಲಿ ಕೊಟ್ಟು ನೋಡಿದೆ. ಬಿಂಗ್ ಮತ್ತು ಡಕ್‌ಡಕ್‌ಗೋಗಳ ಫಲಿತಾಂಶಗಳು ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ, ಗೂಗಲ್‌ನದು ಮಾತ್ರ ಬೇರೆಯಾಗಿದೆ. ಎಲ್ಲವೂ ಹುಡುಕುವುದು ಅದೇ ಅಂತರಜಾಲವನ್ನಲ್ಲವೇ? ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ, ದಿನನಿತ್ಯದ ಬಳಕೆಗೆ ಒಂದನ್ನು ಆರಿಸಿಕೊಳ್ಳುವಾಗ ಏನನ್ನು ಗಮನಿಸಬೇಕು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1

ನೀವು ಪದಗಳನ್ನು ಕೊಟ್ಟ ಕ್ಷಣದಲ್ಲಿ ಯಾವ ಶೋಧಯಂತ್ರವೂ ಅಂತರಜಾಲವನ್ನು ಜಾಲಾಡುವುದಿಲ್ಲ. ಅದು ನೋಡುವುದು ತನ್ನ ಬಳಿ ಮೊದಲೇ ಸಿದ್ಧವಾಗಿರುವ ಸೂಚಿಯನ್ನು. ಕ್ರಾಲರ್ ಎಂಬ ತಂತ್ರಾಂಶವು ಒಂದು ಪುಟದ ಕೊಂಡಿಗಳನ್ನು ಹಿಡಿದು ಮತ್ತೊಂದಕ್ಕೆ, ಅಲ್ಲಿಂದ ಮುಂದಿನದಕ್ಕೆ ಸಾಗುತ್ತ ಪುಟಗಳನ್ನು ಸಂಗ್ರಹಿಸುತ್ತದೆ. ಆಮೇಲೆ ಪ್ರತಿಯೊಂದು ಪದವೂ ಯಾವ ಯಾವ ಪುಟಗಳಲ್ಲಿ, ಎಲ್ಲೆಲ್ಲಿ ಬಂದಿದೆ ಎಂಬ ಪಟ್ಟಿ ತಯಾರಾಗುತ್ತದೆ. ದಪ್ಪ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಹಾಗೆ. ಲಾಗಿನ್ ಆದ ಮೇಲಷ್ಟೇ ತೆರೆಯುವ ಪುಟಗಳ ಬರಹವಾಗಲಿ, ಕ್ರಾಲರ್ ಬರಬಾರದೆಂದು ತಾಣದ ಒಡೆಯರೇ ಸೂಚಿಸಿರುವ ಪುಟಗಳ ಬರಹವಾಗಲಿ ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ.

ಇಷ್ಟು ದೊಡ್ಡ ಸೂಚಿಯನ್ನು ಕಟ್ಟಿ, ದಿನವೂ ಹೊಸದಾಗಿಡುವುದು ಬಹಳ ಖರ್ಚಿನ ಕೆಲಸವಾದ್ದರಿಂದ ಅನೇಕ ಸೇವೆಗಳು ಇನ್ನೊಬ್ಬರ ಸೂಚಿಯನ್ನೇ ಬಳಸುತ್ತವೆ. ಡಕ್‌ಡಕ್‌ಗೋ ತನ್ನ ವೆಬ್ ಫಲಿತಾಂಶಗಳ ಬಹುಪಾಲನ್ನು ಬಿಂಗ್‌ನಿಂದ ಪಡೆಯುತ್ತದೆ. ನೀವು ಕಂಡ ಹೋಲಿಕೆಗೆ ಕಾರಣ ಇದೇ. ಬ್ರೇವ್ ಸರ್ಚ್ ಮತ್ತು ಮೊಜೀಕ್ ಎಂಬ ಶೋಧಯಂತ್ರಗಳು ಸ್ವಂತ ಸೂಚಿಯನ್ನು ಕಟ್ಟಿಕೊಂಡಿವೆ.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ, ಆದರೆ ಸೂಚಿ ಒಂದೇ ಇದ್ದರೂ ಸಾವಿರಾರು ಪುಟಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕೆಂಬ ತೀರ್ಮಾನ ಉಳಿದೇ ಇರುತ್ತದೆ. ನನ್ನ ದೃಷ್ಟಿಯಲ್ಲಿ ಅಸಲು ಕಷ್ಟ ಇರುವುದು ಅಲ್ಲಿಯೇ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಗೂಗಲ್ ಆರಂಭಿಸಿದಾಗ ಅದರ ಬಲವಾಗಿದ್ದುದು ಪೇಜ್‌ರ‍್ಯಾಂಕ್ ಎಂಬ ವಿಧಾನ: ಒಂದು ಪುಟಕ್ಕೆ ಎಷ್ಟು ಪುಟಗಳು ಕೊಂಡಿ ಕೊಟ್ಟಿವೆ, ಹಾಗೆ ಕೊಟ್ಟ ಪುಟಗಳಿಗೆ ತಮ್ಮದೇ ಆದ ತೂಕ ಎಷ್ಟಿದೆ ಎಂಬ ಲೆಕ್ಕಾಚಾರ. ಇದು ಗೊತ್ತಾದದ್ದೇ ತಡ, ಕೊಂಡಿಗಳನ್ನು ಕೃತಕವಾಗಿ ಬೆಳೆಸುವ ದಂಧೆಯೂ ಶುರುವಾಯಿತು. ಈಗ ಪುಟದ ಹೊಸತನ, ಹುಡುಕುವವರ ಭಾಷೆ, ಅವರಿರುವ ಸ್ಥಳ ಮುಂತಾದ ಹಲವು ಅಂಶಗಳು ಸೇರಿ ಕ್ರಮವನ್ನು ನಿರ್ಧರಿಸುತ್ತವೆ.

ಜಾಹೀರಾತಿನ ಹಣದಿಂದ ನಡೆಯುವ ಶೋಧಯಂತ್ರವು ಸಹಜವಾಗಿಯೇ ಜಾಹೀರಾತುದಾರರ ಕಡೆಗೆ ವಾಲುತ್ತದೆ ಎಂಬ ಆತಂಕವನ್ನು ಅದೇ ವರ್ಷದ ಪ್ರಬಂಧದಲ್ಲಿ ಬರೆದವರು ಬೇರೆ ಯಾರೂ ಅಲ್ಲ, ಈ ಇಬ್ಬರೇ. 2000ದಲ್ಲಿ ಗೂಗಲ್ ತನ್ನ ಜಾಹೀರಾತು ಸೇವೆಯನ್ನು ತೆರೆಯಿತು!

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹುಡುಕುವವರ ಭಾಷೆ, ಸ್ಥಳಗಳನ್ನೂ ಶೋಧಯಂತ್ರ ಗಮನಿಸುತ್ತದೆ ಎಂದಾದರೆ ನಮ್ಮ ಗೌಪ್ಯತೆಯ ಪ್ರಶ್ನೆಯೂ ಏಳುತ್ತದೆ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಹುಡುಕಿದರೆ ಆ ಸಮಸ್ಯೆ ತೀರುತ್ತದೆಯೇ?

ಉತ್ತರ 3

ತೀರುವುದಿಲ್ಲ. ಖಾಸಗಿ ಕಿಟಕಿ ಅಳಿಸುವುದು ನಿಮ್ಮ ಸಾಧನದಲ್ಲಿ ಉಳಿಯುವ ಇತಿಹಾಸ ಮತ್ತು ಕುಕಿಗಳನ್ನು (ತಾಣಗಳು ಬ್ರೌಸರಿನಲ್ಲಿ ಇಡುವ ಚಿಕ್ಕ ಗುರುತಿನ ದಾಖಲೆಗಳನ್ನು) ಮಾತ್ರ. ನಿಮ್ಮ ಐಪಿ ವಿಳಾಸ (ಅಂತರಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಮತ್ತು ನೀವು ಹುಡುಕಿದ ಪದಗಳು ಶೋಧಯಂತ್ರದ ಸರ್ವರ್‌ಗೆ ತಲುಪಿಯೇ ತಲುಪುತ್ತವೆ. ಆದ್ದರಿಂದ ಆ ಸೇವೆ ಏನನ್ನು ದಾಖಲಿಸಿಟ್ಟುಕೊಳ್ಳುತ್ತದೆ ಎಂಬುದೇ ಮುಖ್ಯ.

ಆಯ್ಕೆಯ ವಿಷಯಕ್ಕೆ ಬಂದರೆ, ನಿಮಗೆ ಚೆನ್ನಾಗಿ ಗೊತ್ತಿರುವ ಕ್ಷೇತ್ರದ ಪ್ರಶ್ನೆಗಳನ್ನೇ ಕೊಟ್ಟು ಪರೀಕ್ಷಿಸಿ. ಉತ್ತರ ಮೊದಲೇ ತಿಳಿದಿದ್ದರೆ ಮಾತ್ರ ಜೊಳ್ಳು ಯಾವುದು, ಕಾಳು ಯಾವುದು ಎಂದು ಹೇಳಲು ಸಾಧ್ಯ. ನಾನು ಸಾಮಾನ್ಯ ಬಳಕೆಗೆ ಡಕ್‌ಡಕ್‌ಗೋ ಇಟ್ಟುಕೊಂಡಿದ್ದೇನೆ; ಅಪರೂಪದ ತಾಂತ್ರಿಕ ದೋಷಸಂದೇಶಗಳನ್ನು ಹುಡುಕುವಾಗ ಮಾತ್ರ ಗೂಗಲ್‌ಗೆ ಹೋಗುತ್ತೇನೆ, ಅದೂ ಸಂದೇಶವನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು. ಬಿಂಗ್ ಸಾಲದೆಂದು ಡಕ್‌ಡಕ್‌ಗೋಗೆ ಬದಲಾಯಿಸುವವರು, ಮೊದಲ ಉತ್ತರದಲ್ಲಿ ಹೇಳಿದಂತೆ, ಬಹುಪಾಲು ಅದೇ ಸೂಚಿಗೆ ಮರಳುತ್ತಾರೆ. ಎರಡನೆಯ ಅಭಿಪ್ರಾಯ ಬೇಕಿದ್ದರೆ ಬೇರೆ ಸೂಚಿಯುಳ್ಳದ್ದನ್ನೇ ಜೊತೆಗಿಟ್ಟುಕೊಳ್ಳಬೇಕಾಗುತ್ತದೆ.