ಕೊಯ್ಲಿನ ಕಾಲದಲ್ಲೂ ನಿಲ್ಲದಂತೆ ಕುರ್‌ಆನ್ ಪೂರ್ತಿ ಓದುವುದು ಹೇಗೆ?

ಪ್ರಶ್ನೆ: ಅಸ್ಸಲಾಮು ಅಲೈಕುಂ ಉಸ್ತಾದರೇ. ನಾನು ಸಿದ್ದಾಪುರದ ಸಮೀಪದ ಗೃಹಿಣಿ. ನಮ್ಮದು ಸಣ್ಣ ಕಾಫಿ ತೋಟ. ಚಿಕ್ಕಂದಿನಲ್ಲಿ ಮದ್ರಸದಲ್ಲಿ ಓದಲು ಕಲಿತಿದ್ದರೂ ಈಗ ತಡವರಿಸಿಯೇ ಓದುತ್ತೇನೆ. ರಂಜಾನ್ ಅಲ್ಲದ ತಿಂಗಳುಗಳಲ್ಲೂ ಖತಂ (ಪೂರ್ತಿ ಪಾರಾಯಣ) ಮಾಡಬೇಕೆಂದು ಕುರ್‌ಆನಿನ ಮೂವತ್ತು ಭಾಗಗಳಲ್ಲಿ ದಿನಕ್ಕೊಂದು ಜುಝ್‌ನಂತೆ ಆರಂಭಿಸಿದರೆ, ಕೊಯ್ಲಿನ ದಿನಗಳಲ್ಲಿ ಬಾಕಿ ಬೆಳೆದು ಓದೇ ನಿಂತುಹೋಗುತ್ತದೆ. ಯಾವ ಕ್ರಮ ಅನುಸರಿಸಲಿ?

ಉತ್ತರ: ವ ಅಲೈಕುಮುಸ್ಸಲಾಂ, ಸಹೋದರಿ. ಹದಿನೈದು ಸಾಲಿನ, 604 ಪುಟಗಳ ಮುಸ್‌ಹಫ್‌ನಲ್ಲಿ (ಕುರ್‌ಆನ್ ಪ್ರತಿಯಲ್ಲಿ) ಒಂದು ಜುಝ್ ಎಂದರೆ ಸುಮಾರು 20 ಪುಟ. ರಂಜಾನಿನಲ್ಲಿ ಮನೆಯ ದಿನಚರಿಯೇ ಬದಲಾಗುವುದರಿಂದ ಅಷ್ಟು ಓದಲು ಸಾಧ್ಯವಾಗುತ್ತದೆ. ಉಳಿದ ತಿಂಗಳುಗಳಿಗೂ ಅದೇ ಅಳತೆ ಹಿಡಿಯಬೇಡಿ. ಬಿಡುವಿನ ದಿನವನ್ನಲ್ಲ, ರೋಬಸ್ಟಾ ಕೊಯ್ಲು ನಡೆಯುವಾಗ ಸಂಜೆ ಹಣ್ಣಿನ ಚೀಲ ತೂಗಿ, ಲೆಕ್ಕ ಬರೆದು, ಆಮೇಲೆ ಅಡುಗೆಗೆ ನಿಲ್ಲುವ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಪಾಲನ್ನು ನಿಗದಿಪಡಿಸಿ. ಸುಬ್‌ಹಿಯ (ಮುಂಜಾನೆಯ ನಮಾಝ್) ನಂತರ ಎರಡು, ಮಗ್ರಿಬ್ (ಸೂರ್ಯಾಸ್ತದ ನಮಾಝ್) ನಂತರ ಎರಡು ಪುಟ ಓದಿದರೆ 151 ದಿನಗಳಲ್ಲಿ ಖತಂ ಆಗುತ್ತದೆ. ಬಿಡುವಿದ್ದಾಗ ಹೆಚ್ಚು ಓದಿ, ಆದರೆ ಮರುದಿನದ ಪಾಲನ್ನು ಅದಕ್ಕಾಗಿ ಕಡಿಮೆ ಮಾಡಬೇಡಿ. ತಪ್ಪಿದ ದಿನದ ಪುಟಗಳನ್ನು ಮರುದಿನದ ಮೇಲೆ ಹೊರಿಸುವುದೂ ಬೇಡ, ಗುರುತಿಟ್ಟ ಕಡೆಯಿಂದಲೇ ಮುಂದುವರಿಯಿರಿ. ಓದು ನಿಂತುಹೋಗುವುದು ಬಹುತೇಕ ಈ ಬಾಕಿಯ ಭಾರದಿಂದಲೇ.

ತಮ್ಮ ಸಂಗಾತಿ ಅಬ್ದುಲ್ಲಾಹ್ ಇಬ್ನ್ ಅಮ್ರ್ (ರ) ಅವರಿಗೆ ಪ್ರವಾದಿಯವರು (ಸ) ಖತಂಗೆ ಮೊದಲು ಹೇಳಿದ ಅವಧಿ ಒಂದು ತಿಂಗಳು. ತಮಗೆ ಇನ್ನೂ ಶಕ್ತಿಯಿದೆ ಎಂದು ಅವರೇ ಒತ್ತಾಯಿಸಿದ ಮೇಲೆ ಅದು ಏಳು ದಿನಕ್ಕಿಳಿಯಿತು. ಶಕ್ತಿಗೆ ತಕ್ಕಂತೆ ಅವಧಿ ಎಂಬುದು ಇದರಿಂದ ಸ್ಪಷ್ಟ. ಕುರ್‌ಆನ್ ಕೂಡ ಅಲ್‌ಮುಝ್ಝಮ್ಮಿಲ್ ಅಧ್ಯಾಯದ 20ನೇ ಸೂಕ್ತದಲ್ಲಿ ಸುಲಭವಾದಷ್ಟನ್ನು ಓದಿರಿ ಎನ್ನುತ್ತದೆ. ತಡವರಿಸಿ ಓದುತ್ತೇನೆಂದು ದಯವಿಟ್ಟು ಕುಗ್ಗಬೇಡಿ. ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲವಿದೆ ಎಂದು ಪ್ರವಾದಿಪತ್ನಿ ಆಯಿಶಾ (ರ) ವರದಿ ಮಾಡಿದ ಹದೀಸ್ (ಪ್ರವಾದಿವಚನ) ಬುಖಾರಿ ಮತ್ತು ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಹಾಗೆಂದು ತಪ್ಪನ್ನು ತಪ್ಪಾಗಿಯೇ ಬಿಡಲಾಗದು. ವಾರಕ್ಕೊಮ್ಮೆಯಾದರೂ ತಜ್ವೀದ್ (ಸರಿಯಾದ ಉಚ್ಚಾರದ ನಿಯಮ) ಬಲ್ಲ ಮಹಿಳೆಯೊಬ್ಬರ ಮುಂದೆ ಒಂದು ಪುಟ ಓದಿ ತೋರಿಸಿ.

ಮರುಪ್ರಶ್ನೆ: ಜಝಾಕಲ್ಲಾಹು ಖೈರನ್, ಉಸ್ತಾದರೇ. ಮುಟ್ಟಿನ ದಿನಗಳನ್ನು ಹೇಗೆ ಲೆಕ್ಕ ಹಾಕಲಿ? ಕನ್ನಡ ಅರ್ಥವನ್ನೂ ಜೊತೆಯಲ್ಲೇ ಓದಬಹುದೇ?

ಉತ್ತರ: ನಾವು ಅನುಸರಿಸುವ ಕರ್ಮಶಾಸ್ತ್ರ ಪಂಥವಾದ ಶಾಫಿಈ ಮದ್‌ಹಬ್‌ನಲ್ಲಿ ಆ ದಿನಗಳಲ್ಲಿ ಮುಸ್‌ಹಫ್ ಮುಟ್ಟುವುದಾಗಲಿ ಪಾರಾಯಣವಾಗಲಿ ಇಲ್ಲ. ಆದ್ದರಿಂದ ಅವನ್ನು ಮೊದಲೇ ಲೆಕ್ಕದಿಂದ ತೆಗೆಯಿರಿ. ತಿಂಗಳಿಗೆ ಏಳು ದಿನ ಬಿಟ್ಟರೆ 23 ದಿನಗಳಲ್ಲಿ 92 ಪುಟಗಳಾಗುತ್ತವೆ, ಖತಂಗೆ ಸುಮಾರು ಆರೂವರೆ ತಿಂಗಳು ಬೇಕಾಗುತ್ತದೆ. ಆ ದಿನಗಳಲ್ಲಿ ಪಾರಾಯಣವನ್ನು ಕೇಳಲು ಅಡ್ಡಿಯಿಲ್ಲ. ದಿಕ್ರ್ (ಅಲ್ಲಾಹನ ಸ್ಮರಣೆ), ಪ್ರವಾದಿಯವರ (ಸ) ಮೇಲಿನ ಸ್ವಲಾತ್‌ಗಳಿಗೂ ಇಲ್ಲ.

ಅರ್ಥವನ್ನು ಪಾರಾಯಣದ ನಡುವೆ ಸೇರಿಸಿದರೆ ನಿಮ್ಮ ಪುಟಗಳು ಮುಗಿಯಲಾರವು, ಅದಕ್ಕೆ ಇಶಾ (ರಾತ್ರಿಯ ನಮಾಝ್) ನಂತರ ಬೇರೆಯೇ ಹತ್ತು ನಿಮಿಷ ಇಡಿ. ಪುಟದ ಕೊನೆಯಲ್ಲಿ ವಿಷಯ ಹಲವು ಬಾರಿ ಅರ್ಧಕ್ಕೆ ತುಂಡಾಗುವುದರಿಂದ ಅರ್ಥದ ಓದಿಗೆ ಒಂದು ವಿಷಯದ ಸೂಕ್ತಗಳ ಗುಂಪಾದ ರುಕೂಅ್ ಉತ್ತಮ ಅಳತೆ. ನಮ್ಮ ದೇಶದಲ್ಲಿ ಮುದ್ರಿತವಾದ ಅನೇಕ ಮುಸ್‌ಹಫ್‌ಗಳ ಅಂಚಿನಲ್ಲಿ ರುಕೂಅ್ ಮುಗಿದಲ್ಲಿ ‘ಐನ್’ (ع) ಅಕ್ಷರದ ಗುರುತು ಇರುತ್ತದೆ, ಅಲ್ಲಿಗೆ ನಿಲ್ಲಿಸಿ.